ಬೀಳಗಿ ಗುಡ್ಡದ ಗಿಲಿಗಿಲಿ

ನಾನು ನೆಲ ನೋಡಿಕೊಂಡು ನಡೆಯುವ ಹೆಂಗಸು. ವಿನಯದಿಂದಲ್ಲ, ಚಟದಿಂದ. ಸಸ್ಯಶಾಸ್ತ್ರ ಕಲಿಸುವವರಿಗೆ ಅಂಟಿಕೊಳ್ಳುವ ರೋಗಗಳಲ್ಲಿ ಇದೂ ಒಂದು. ಮುಧೋಳದ ಬಜಾರಿನಲ್ಲಿ ಹೀಗೆ ತಲೆ ತಗ್ಗಿಸಿ ಹೊರಟರೆ ಯಾರಾದರೊಬ್ಬರು ತಡೆದು, "ಏನರ ಬಿದ್ದೈತೇನ್ರೀ ಅಕ್ಕಾರ, ನಾವೂ ಹುಡುಕೂಣೇನು?" ಎಂದು ಕೇಳುತ್ತಾರೆ. ಒಮ್ಮೆ ಒಬ್ಬ ಪುಣ್ಯಾತ್ಮ ಕೇಳುವ ಗೋಜಿಗೂ ಹೋಗದೆ ನನ್ನ ಜೊತೆಜೊತೆಗೇ ಹುಡುಕುತ್ತ ಬಂದು, ಬಸ್ ಸ್ಟ್ಯಾಂಡು ಮುಟ್ಟಿದ ಮೇಲೆ, "ಕಿವ್ಯಾಗಿಂದೇನ್ರೀ?" ಎಂದ. ಗಟಾರದ ಅಂಚಿಗೆ ಬೆಳೆದ ಒಂದು ನೆಲನೆಲ್ಲಿಯನ್ನು ನೋಡುತ್ತಿದ್ದೆ ಎಂದು ಹೇಳುವ ಧೈರ್ಯ ನನಗಾಗಲಿಲ್ಲ. "ಹೌದ್ರೀ, ಸಿಕ್ತು" ಎಂದೆ. ಆತನಿಗೆ ಬಹಳ ಸಮಾಧಾನವಾಯಿತು.

ಜಮಖಂಡಿಯ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ತಲೆ ಬೆಳ್ಳಗಾಗುವಷ್ಟು ಕಾಲ ನೆಲ ನೋಡಿದರೂ ನನಗೆ ಸಿಕ್ಕಿದ್ದೆಲ್ಲ ಬೇರೆಯವರು ಮೊದಲೇ ನೋಡಿ, ಹೆಸರಿಟ್ಟು, ಪುಸ್ತಕದಲ್ಲಿ ಕೂಡಿಸಿ ಹೋದ ಗಿಡಗಳೇ. ಹೆಸರು ಇಟ್ಟವರು ಯಾರೋ, ವರ್ಷಾ ವರ್ಷಾ ಹಾಜರಿ ಕರೆಯುವವಳು ನಾನು. ಅದರಲ್ಲಿ ನನಗೆ ಬೇಜಾರೇನೂ ಇರಲಿಲ್ಲ. ಎಲ್ಲರೂ ಹಡೆಯುತ್ತ ಕೂತರೆ ತೊಟ್ಟಿಲು ತೂಗುವವರು ಯಾರು?

ನಮ್ಮ ಮನೆಯವರದು ಮುಧೋಳದಲ್ಲಿ ಬೀಜ-ಗೊಬ್ಬರದ ಅಂಗಡಿ. ಅಲ್ಲಿ ಹೆಚ್ಚು ಖರ್ಚಾಗುವುದು ಕಸದ ಎಣ್ಣಿ, ಅಂದರೆ ಕಬ್ಬಿನ ಹೊಲದ ಕಳೆ ಸುಡುವ ಔಷಧ. ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಕಳಿಸುವ ರೈತರು ಕಿತ್ತ ಕಸವನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಬರುತ್ತಾರೆ. ಇವರು ಅದನ್ನು ತಿರುವಿ ಮುರುವಿ ನೋಡಿ, ಇದಕ್ಕೆ ಇಂಥಾ ಎಣ್ಣಿ ಎಂದು ಕೊಟ್ಟು ಕಳಿಸುತ್ತಾರೆ. ಹೀಗಾಗಿ ನಮ್ಮ ಮನೆಯಲ್ಲಿ ಇಬ್ಬರೂ ಗಿಡ ಗುರುತಿಸಿಯೇ ಹೊಟ್ಟೆ ಹೊರೆದುಕೊಳ್ಳುವವರು. ನಾನು ಇರಲಿ ಎಂದು ಗುರುತಿಸುತ್ತೇನೆ, ಅವರು ಸಾಯಲಿ ಎಂದು ಗುರುತಿಸುತ್ತಾರೆ. ಮದುವೆಯಾದ ಹೊಸತರಲ್ಲಿ ಇದರ ಮೇಲೆ ಮಾತಿಗೆ ಮಾತು ಬೆಳೆಯುತ್ತಿತ್ತು. ಈಗ ಇಲ್ಲ. "ಇವತ್ತ ಒಂದು ಹೊಸಾ ನಮೂನಿ ಕಸಾ ಬಂದಿತ್ತು" ಎಂದು ಅವರು ರೊಟ್ಟಿ ಮುರಿಯುತ್ತ ಅದರ ಚಹರೆ ಹೇಳಿದರೆ, ನಾನು ಪಲ್ಲೆ ಬಡಿಸುತ್ತ ಅದರ ಲ್ಯಾಟಿನ್ ಹೆಸರು ಹೇಳುತ್ತೇನೆ. ಸುಖಸಂಸಾರ ಎಂದರೆ ಇದಕ್ಕಿಂತ ಬೇರೆ ಇರಲಾರದು.

ಇಂಥ ನಿಶ್ಚಿಂತ ಜೀವನದಲ್ಲಿ, ಒಂದು ವರ್ಷ ಗಣಪತಿ ಕಳಿಸಿದ ಮರುವಾರ, ವಿದ್ಯಾರ್ಥಿಗಳನ್ನು ಬೀಳಗಿ ಆಚೆಗಿನ ಒಂದು ಕಲ್ಲುಗುಡ್ಡಕ್ಕೆ ಗಿಡ ತೋರಿಸಲು ಕರೆದುಕೊಂಡು ಹೊರಟೆ. ಗಿಡ ನೋಡುವುದಾದರೆ ಮುಂಜಾನೆಯೇ ನೋಡಬೇಕು. ಹೂವು ತಾಜಾ ಇರುತ್ತವೆ, ಬಿಸಿಲು ಏರಿರುವುದಿಲ್ಲ, ಮಕ್ಕಳ ತಲೆಯೂ ತಣ್ಣಗಿರುತ್ತದೆ. ನನ್ನ ಗುರುಗಳು ಹಾಗೆ ಮಾಡಿದರು, ಅವರ ಗುರುಗಳೂ ಹಾಗೇ ಮಾಡಿದರು. ನಾನೂ ನಸುಕಿನಲ್ಲೇ ಎದ್ದು ಬುತ್ತಿ ಕಟ್ಟಿಕೊಂಡು ಸಜ್ಜಾಗಿದ್ದೆ. ಆದರೆ ಬಸ್ಸಿನ ಟೈರು ದಾರಿಯಲ್ಲಿ ಒಡೆಯಿತು. ಬದಲಿ ಟೈರು ಬರುವತನಕ ಮಕ್ಕಳು ಹತ್ತಿರದ ಗೂಡಂಗಡಿಯ ಗಿರ್ಮಿಟ್ಟು, ಮಿರ್ಚಿ ಭಜಿ ಖಾಲಿ ಮಾಡಿದರು. ಖಾಲಿಯಾದ ಮೇಲೆ ಅಂಗಡಿಯವರು ಮತ್ತೆ ಹಿಟ್ಟು ಕಲಸಿದರು. ನಾವು ಗುಡ್ಡ ಮುಟ್ಟಿದಾಗ ಹೊತ್ತು ನೆತ್ತಿ ದಾಟಿ ವಾಲಿತ್ತು. ಮಕ್ಕಳು ಭಜಿಯ ಭಾರಕ್ಕೆ ಜಾಲಿಗಿಡದ ನೆರಳು ಹುಡುಕಿ ಒರಗಿದರು. ನನಗೆ ಸಿಟ್ಟು ಬಂದಿತ್ತು. ಸಿಟ್ಟಿಗಿಂತ ಹೆಚ್ಚು ಮೊಣಕಾಲು ನೋಯುತ್ತಿತ್ತು. ಇಳಿಜಾರಿನ ಒಂದು ಹಾಸುಗಲ್ಲಿನ ಮೇಲೆ ಕೂತುಬಿಟ್ಟೆ.

ಮೊಣಕಾಲು ಗಟ್ಟಿ ಇದ್ದಿದ್ದರೆ ಈ ಪ್ರಬಂಧ ಇರುತ್ತಿರಲಿಲ್ಲ. ನಿಂತವರ ಕಣ್ಣಿಗೆ ಬೀಳುವ ಗಿಡವಲ್ಲ ಅದು. ಕೂತಿದ್ದರಿಂದ, ಕಲ್ಲಿನ ಬದಿಯ ಹುಲ್ಲಿನಲ್ಲಿ ಒಂದು ಹಳದಿ ಚುಕ್ಕಿ ಕಾಣಿಸಿತು. ಒಂದೇ ಇತ್ತು. ನಾನು ನೀರು ಕುಡಿದು ಬಾಟಲಿಯ ಮುಚ್ಚಳ ಹಾಕುವಷ್ಟರಲ್ಲಿ ಎರಡಾಗಿತ್ತು. ಬಗ್ಗಿ ನೋಡಿದೆ. ಇನ್ನೊಂದು ಮೊಗ್ಗು ನನ್ನ ಕಣ್ಣೆದುರಿಗೇ, ಮಲಗಿದ ಮಗು ರೆಪ್ಪೆ ಬಿಡಿಸಿದ ಹಾಗೆ, ಅಲುಗಾಡಿ ತೆರೆದುಕೊಂಡಿತು. ತೊಗರಿ ಬೇಳೆಗಿಂತ ಸ್ವಲ್ಪ ದೊಡ್ಡ ಹೂವು, ಬೆನ್ನಿಗೆ ಕುಂಕುಮದ ಎಳೆ ಎಳೆದ ಹಾಗೆ ಗೆರೆಗಳು. ಗಿಡ ನೆಲಕ್ಕೆ ಅಂಗಾತ ಹಬ್ಬಿತ್ತು. ಎಲೆಗಳು ಕಿರುಬೆರಳಿನ ಉಗುರಿನಷ್ಟು, ಅವುಗಳ ಮೇಲೆ ಬೆಳ್ಳಿಯಂಥ ರೋಮ.

ಕುಲ ಯಾವುದೆಂದು ಕೂಡಲೇ ಗೊತ್ತಾಯಿತು. ಹೊಲಕ್ಕೆ ಹಸಿರುಗೊಬ್ಬರವಾಗಲೆಂದು ಬಿತ್ತುವ ಸೆಣಬಿನ ಕುಲ. ಈ ಕುಲದ ಕಾಯಿಗಳು ಒಣಗಿದಾಗ ಒಳಗಿನ ಬೀಜ ಕಳಚಿ ಸದ್ದು ಮಾಡುತ್ತವೆ. ಅದಕ್ಕೇ ನಮ್ಮ ಮಂದಿ ಇವನ್ನೆಲ್ಲ ಒಟ್ಟಾಗಿ ಗಿಲಿಗಿಲಿ ಗಿಡ ಎಂದು ಕರೆಯುತ್ತಾರೆ. ಕುಲ ಗೊತ್ತಾಯಿತು, ಆದರೆ ಹೆಸರು? ನನಗೆ ಗೊತ್ತಿದ್ದ ಗಿಲಿಗಿಲಿಗಳ ಹೆಸರನ್ನೆಲ್ಲ ಮನಸ್ಸಿನಲ್ಲೇ ಒಂದೊಂದಾಗಿ ಕರೆದೆ. ಯಾವ ಹೆಸರಿಗೂ ಅದು ಹೂಂ ಅನ್ನಲಿಲ್ಲ. ಒಂದು ಟೊಂಗೆ ಮುರಿದು ನೀರಿನ ಬಾಟಲಿಗೆ ಹಾಕಿಕೊಂಡೆ. ಹೊತ್ತು ಇಳಿಯುವ ಮೊದಲೇ ಅಲ್ಲಿನ ಹೂವುಗಳೆಲ್ಲ ಒಂದೊಂದಾಗಿ ಮುಚ್ಚಿಕೊಂಡವು. ಎಲ್ಲರೂ ಮುಂಜಾನೆ ಬಂದು ಹೋಗುವ ಗುಡ್ಡದಲ್ಲಿ ಇದು ಮಧ್ಯಾಹ್ನದ ಮೇಲೆ ಎದ್ದು, ಸಂಜೆಯೊಳಗೆ ಕದ ಹಾಕಿಕೊಳ್ಳುತ್ತಿತ್ತು. ಎಷ್ಟು ತಲೆಮಾರಿನ ಶಿಸ್ತಿನ ಪಂಡಿತರು ಇದರ ಪಕ್ಕದಲ್ಲೇ ಹಾದುಹೋಗಿದ್ದರೋ. ತಡವಾಗಿ ಬರುವವರಿಗೂ ಈ ಲೋಕ ಏನಾದರೊಂದನ್ನು ತೆಗೆದಿಟ್ಟಿರುತ್ತದೆ ಎಂದು ಅಂದು ನನಗೆ ಅನ್ನಿಸಿತು. ವಿದ್ಯಾರ್ಥಿಗಳಿಗೆ ಮಾತ್ರ ಹೇಳಲಿಲ್ಲ.

ಮರುದಿನ ಪ್ರಯೋಗಾಲಯದಲ್ಲಿ ಒಂದು ಹೂವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಸೂಜಿಯಿಂದ ಬಿಡಿಸಿದೆ. ಕಾಳಿನ ಕುಟುಂಬದ ಹೂವಿಗೆ ಐದು ದಳ. ಹಿಂದೆ ಎದ್ದು ನಿಂತದ್ದು ಪತಾಕೆ, ಎಡಬಲಕ್ಕೆ ಎರಡು ರೆಕ್ಕೆ, ನಡುವೆ ಎರಡು ದಳ ಕೂಡಿ ಆದ ದೋಣಿ. ಇದನ್ನು ನಾನು ಕರಿಹಲಗೆಯ ಮೇಲೆ ಬರೆದು ಬರೆದು ಕೈ ಸವೆಸಿದ್ದೇನೆ. ಆದರೆ ಅಂದು ಆ ದೋಣಿಯನ್ನು ಸೂಜಿಯಿಂದ ಮೆಲ್ಲಗೆ ಒತ್ತಿದಾಗ, ಅದರ ಮೂತಿಯಿಂದ, ಚಕ್ಕುಲಿ ಒತ್ತಿನಿಂದ ಹಿಟ್ಟು ಇಳಿದ ಹಾಗೆ, ಪರಾಗದ ಸಣ್ಣ ಹಳದಿ ಎಳೆಯೊಂದು ಹೊರಗೆ ಬಂತು. ಸೂಜಿ ತೆಗೆದೆ, ನಿಂತಿತು. ಮತ್ತೆ ಒತ್ತಿದೆ, ಮತ್ತೆ ಬಂತು. ಹುಳ ಬಂದು ಕೂತಾಗ ಅದರ ಭಾರಕ್ಕೆ ಬೇಕಾದಷ್ಟೇ ಬಡಿಸಿ, ಉಳಿದದ್ದನ್ನು ಮುಂದಿನ ಅತಿಥಿಗೆ ಇಟ್ಟುಕೊಳ್ಳುವ ಏರ್ಪಾಡು. ದುಂದಿಲ್ಲ, ಕೊರತೆಯೂ ಇಲ್ಲ. ಯಾರೂ ನೋಡದ ಗುಡ್ಡದಲ್ಲಿ, ದಿನಕ್ಕೆ ಒಂದೆರಡು ತಾಸು ತೆರೆಯುವ ಈ ಪುಟ್ಟ ಅಡುಗೆಮನೆಯನ್ನು ಇಷ್ಟು ಅಚ್ಚುಕಟ್ಟಾಗಿ ಇಟ್ಟವರಾರು ಎಂದು ಕಣ್ಣು ತೇವವಾಯಿತು. ಅಟೆಂಡರು ಬಂದು, "ಕಣ್ಣಿಗೆ ಧೂಳ ಬಿತ್ತೇನ್ರೀ?" ಎಂದು ಕೇಳಿದ. ನಮ್ಮ ಕಡೆ ಕರುಣಾಳುಗಳು ಬಹಳ.

ಹೊಸ ಗಿಡ ಕಂಡವರು ಕುಣಿದಾಡುತ್ತಾರೆ ಎಂದು ನೀವು ತಿಳಿದಿದ್ದರೆ ಅದು ತಪ್ಪು. ಹೊಸದನ್ನು ಕಂಡೆ ಎಂದು ಮೊದಲು ಯಾರಿಗೂ ಅನ್ನಿಸುವುದಿಲ್ಲ. ಎಲ್ಲೋ ನನ್ನದೇ ತಪ್ಪಾಗಿದೆ ಎಂದೇ ಅನ್ನಿಸುತ್ತದೆ. ಗಿಡ ಗುರುತಿಸುವ ಪುಸ್ತಕಗಳು ದಾರಿ ಕೇಳಿದರೆ ಪ್ರಶ್ನೆ ಕೇಳುವ ಮುದುಕರಿದ್ದ ಹಾಗೆ. ಎಲೆ ಒಂದೋ ಮೂರೋ? ಒಂದಾದರೆ ಆ ಕಡೆ ಹೋಗು. ಕಾಯಿಗೆ ರೋಮ ಉಂಟೋ ಇಲ್ಲವೋ? ಇದ್ದರೆ ಈ ಕಡೆ ಹೋಗು. ನಾನು ಎಲ್ಲಿಂದ ಹೊರಟರೂ ಒಂದು ಗೋಡೆಗೆ ಹೋಗಿ ಮುಟ್ಟುತ್ತಿದ್ದೆ. ಅದರ ಮೇಲೆ ನನ್ನ ಹತ್ತಿರ ಕಾಯಿ ಇರಲೇ ಇಲ್ಲ.

ಕೊನೆಗೆ ಗಿಲಿಗಿಲಿ ಕುಲವನ್ನೇ ಆಯುಷ್ಯವಿಡೀ ನೋಡಿದ, ಪುಣೆಯಲ್ಲಿ ನೆಲೆಸಿದ ಒಬ್ಬ ಹಿರಿಯರಿಗೆ ಚಿತ್ರ ಕಳಿಸಿ ಫೋನು ಮಾಡಿದೆ. ಮೂಲ ಮಿರಜದವರು. ಮರಾಠಿಯ ಒಗ್ಗರಣೆ ಹಾಕಿದ ಕನ್ನಡದಲ್ಲಿ ಮಾತಾಡಿದರು.

"ನಾ ಇಂಥಾದು ನೋಡಿಲ್ಲ ಬಾಯಾರ. ಖರೆ ನಾ ನೋಡಿಲ್ಲ ಅಂದಮಾತ್ರಕ್ಕ ಹೊಸಾದು ಅಂತ ಆಗೂದಿಲ್ಲ. ಕಾಯಿ ಬೇಕು. ಬೇರಿನ ಸಮೇತ ಇಡೀ ಗಿಡಾ ಬೇಕು. ಹೂವು ಕಾಯಿ ಎರಡೂ ಒಂದರಾಗ ಇದ್ರ ಛಲೋ. ಕಾಯಿ ಇಲ್ದ ಈ ಕುಲದ ಬಗ್ಗೆ ಮಾತಾಡಬಾರದು."

"ಸಿಗಲಿಲ್ಲ ಅಂದ್ರ, ಸರ್?"

"ಮುಂದಿನ ವರ್ಷ ನೋಡ್ರಿ. ಮುಂದಿನ ವರ್ಷನೂ ಸಿಗಲಿಲ್ಲ ಅಂದ್ರ... ಅಂಥಾವು ಎಷ್ಟೋ ಅವ. ಹೆಸರಿಲ್ದ ಬಂದ್ವು, ಹೆಸರಿಲ್ದ ಹೋದ್ವು."

ಈ ಮಾತು ನನ್ನನ್ನು ಹಿಡಿದುಕೊಂಡಿತು. ಕಾಲೇಜಿನ ಪರೀಕ್ಷೆ, ನವರಾತ್ರಿ, ಬನಹಟ್ಟಿಯ ತವರಿನಲ್ಲಿ ತಮ್ಮನ ಬಸುರಿ ಮಗಳ ಕುಪ್ಪಸದ ಕಾರ್ಯ, ಎಲ್ಲದರ ನಡುವೆಯೂ ಅದು ಒಳಗೊಳಗೇ ಕುಟುಕುತ್ತಿತ್ತು. ತಮ್ಮನ ಮಗ್ಗದ ಮನೆಯಲ್ಲಿ ಸದ್ದಿನ ನಡುವೆ ಕೂತು, ಆ ಗುಡ್ಡದಲ್ಲಿ ಈಗ ಕಾಯಿ ಬಲಿತಿರಬಹುದೇ ಎಂದು ಯೋಚಿಸುತ್ತಿದ್ದೆ. ಒಬ್ಬಳೇ ಆ ಗುಡ್ಡಕ್ಕೆ ಹೋಗುವುದು ನನ್ನ ಮೊಣಕಾಲಿಗೆ ಒಪ್ಪಿಗೆ ಇರಲಿಲ್ಲ. ದೀಪಾವಳಿ ಮುಗಿದ ಮೇಲೆ ಇವರು, "ನಡಿ, ನಾನಽ ಬರತೇನಿ" ಎಂದು ಅಂಗಡಿಯ ಬಾಗಿಲು ಹಾಕಿದರು. ಸ್ವಂತ ಅಪ್ಪನ ತಿಥಿಗೂ ಅರ್ಧ ಬಾಗಿಲು ತೆರೆದಿಡುವ ಮನುಷ್ಯ ಅವರು.

ಮೋಟಾರ್ ಸೈಕಲ್ಲಿನ ಮೇಲೆ ಹೋಗಿ ಇಳಿದು ನೋಡಿದರೆ, ಗುಡ್ಡ ಈಗಷ್ಟೇ ಕ್ಷೌರ ಮಾಡಿಸಿಕೊಂಡ ತಲೆಯ ಹಾಗೆ ನುಣ್ಣಗಿತ್ತು. ಮೇಲೆ ಕುರಿಹಿಂಡು. ನಾನು ಕೂತಿದ್ದ ಹಾಸುಗಲ್ಲಿನ ಸುತ್ತ ಹುಲ್ಲಿನ ಬುಡ ಮಾತ್ರ ಉಳಿದಿತ್ತು. ನಾನು ಎದೆ ಒಡೆದುಕೊಂಡು ನೆಲ ಹುಡುಕುತ್ತಿದ್ದಾಗ, ಕುರಿ ಕಾಯುತ್ತಿದ್ದ ಹೆಂಗಸು ಕೋಲೂರಿಕೊಂಡು ಇಳಿದು ಬಂದಳು. ನನ್ನದೇ ವಯಸ್ಸಿನವಳು, ಹೆಸರು ಲಗಮವ್ವ.

"ಏನ ಹುಡಕಾಕತ್ತೀರಿ ಅಕ್ಕಾರ?"

"ಒಂದು ಸಣ್ಣ ಗಿಡ ಯವ್ವಾ. ಹಳದಿ ಹೂವಿಂದು. ನೆಲಕ್ಕ ಹತ್ತಿಗೊಂಡ ಇರತೈತಿ. ನೀ ನೋಡಿಯೇನು?"

"ಇಲ್ರಿ. ಔಷಧದ್ದೇನ್ರಿ?"

"ಅಲ್ಲ."

"ತಿನ್ನಾಕ ಬರತೈತೇನು?"

"ಗೊತ್ತಿಲ್ಲ."

"ಮತ್ಯಾಕ ಬೇಕಾಗಿತ್ರಿ?"

"ಅದಕ್ಕಿನ್ನಾ ಹೆಸರ ಇಟ್ಟಿಲ್ಲ" ಎಂದೆ.

ಲಗಮವ್ವ ಕೋಲಿನ ಮೇಲೆ ಗದ್ದ ಇಟ್ಟು ಇದನ್ನು ಯೋಚಿಸಿದಳು. "ನಮ್ಮ ಕುರಿ ತಿಂದಿರಬೇಕ್ರಿ. ಕುರಿ ಏನ ಹೆಸರ ಕೇಳಿ ತಿಂತಾವೇನ್ರಿ?"

ಇವರು ನಕ್ಕರು. ನನಗೆ ನಗು ಬರಲಿಲ್ಲ. ನನ್ನ ಮುಖ ನೋಡಿ ಆಕೆಗೆ ಏನನ್ನಿಸಿತೋ, ಕುರಿಗಳನ್ನು ಕೂಗಿ ಆಚೆ ಮಗ್ಗಲಿಗೆ ಹೊಡೆದು ಬಂದು ತಾನೂ ಹುಡುಕತೊಡಗಿದಳು. ಎಂದೂ ನೋಡದ ಗಿಡವನ್ನು ಹುಡುಕಲು ಬಂದ ಆಕೆಯನ್ನು ಕಂಡು, ಬಜಾರಿನಲ್ಲಿ ಬರುವಂಥ ನಾಚಿಕೆ ನನಗೆ ಬರಲಿಲ್ಲ, ಧೈರ್ಯ ಬಂತು. ಮೂವರೂ ಬಗ್ಗಿ ಇಳಿಜಾರನ್ನು ಜಾಲಾಡಿದೆವು. ಇವರು ಎರಡು ಸಲ, "ಇದಽ ಏನು?" ಎಂದು ಎತ್ತಿ ಹಿಡಿದರು. ಎರಡೂ ಸಲ ಅವರ ಅಂಗಡಿಯ ಎಣ್ಣಿಗೆ ಸಾಯುವ ಪರಿಚಯದ ಕಸವೇ ಆಗಿತ್ತು.

ಗಾಳಿ ಬೀಸಿದಾಗ ಸದ್ದು ಕೇಳಿಸಿತು. ಬಹಳ ಸಣ್ಣ ಸದ್ದು. ಒಳಕೋಣೆಯಲ್ಲಿ ಕೂಸು ಮಗ್ಗಲು ಬದಲಿಸಿದಾಗ ಕಾಲಿನ ಗೆಜ್ಜೆ ಮಾಡುವಂಥದು. "ಸುಮ್ಮಕಿರ್ರಿ" ಎಂದೆ. ಮೂವರೂ ಉಸಿರು ಹಿಡಿದು ನಿಂತೆವು. ಮತ್ತೆ ಗಾಳಿ ಬಂತು, ಮತ್ತೆ ಗಿಲಿಗಿಲಿ. ಬಂಡೆಯ ಕೆಳಗಿದ್ದ ಒಂದು ಮುಳ್ಳುಕಂಟಿಯ ಒಳಗಿಂದ ಬರುತ್ತಿತ್ತು. ಲಗಮವ್ವ ಕೋಲಿನಿಂದ ಕಂಟಿಯನ್ನು ಎತ್ತಿ ಹಿಡಿದಳು. ಕುರಿಯ ಬಾಯಿಗೆ ನಿಲುಕದ ಆ ಮುಳ್ಳಿನ ಗೂಡಿನಲ್ಲಿ ನಾಕಾರು ಗಿಡಗಳು ಉಳಿದಿದ್ದವು. ಹೆಚ್ಚಿನವು ಒಣಗಿ ಕಾಯಿಯಷ್ಟೇ ಹೊತ್ತಿದ್ದವು. ಒಂದರಲ್ಲಿ ಮಾತ್ರ ತುದಿಗೆ ಇನ್ನೂ ಎರಡು ಮೊಗ್ಗು, ಬುಡಕ್ಕೆ ಬಲಿತ ಕಾಯಿ.

ಪುಣೆಯ ಹಿರಿಯರು ಕೇಳಿದ್ದು ಅಕ್ಷರಶಃ ಇದನ್ನೇ. ನಾನು ಕಂಟಿಯ ಮುಂದೆ ಕೂತೆ. ಕೈ ಚಾಚಿದೆ. ಕೀಳಲು ಕೈ ಬರಲಿಲ್ಲ.

"ಕೀಳಾಕ ಬಂದವರು ಯಾಕ ಕುಂತ್ರಿ?" ಎಂದಳು ಲಗಮವ್ವ.

"ಕಿತ್ತರ ಇದು ಹೋಗತೈತಿ. ಬಿಟ್ಟರ ಇದಕ್ಕ ಹೆಸರಿರೂದಿಲ್ಲ. ಇಲ್ಲಿ ಬಿಟ್ಟರ ಬ್ಯಾರೆ ಎಲ್ಲರ ಐತೋ ಇಲ್ಲೋ, ಅದೂ ಗೊತ್ತಿಲ್ಲ."

ಇವರು ನನ್ನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. "ನಾ ದಿನಾ ಎಷ್ಟ ಸುಡಸ್ತೇನಿ. ಒಂದರ ಮುಂದೂ ಹಿಂಗ ಕುಂತಿಲ್ಲ ನೋಡು" ಎಂದರು. ಚೇಷ್ಟೆಯಿಂದ ಹೇಳಲಿಲ್ಲ.

ದಾರಿ ಹೇಳಿದ್ದು ಲಗಮವ್ವ, ಅದೂ ಯಾರಿಗಾದರೂ ಹೊಳೆಯಬಹುದಾದಂಥದು. ನನಗೆ ಹೊಳೆಯದಿದ್ದುದು ಗಾಬರಿಗೆ. "ಬಲತ ಕಾಯಾಗಿನ ಬೀಜಾ ಇಲ್ಲೇ ಚೆಲ್ರಿ, ನಾಕು ಕಾಯಿ ನೀವು ಒಯ್ರಿ. ಭೂಮಿದು ಭೂಮಿಗೆ, ನಿಮದು ನಿಮಗ." ಉಳಿದ ಒಣಗಿಡಗಳ ಕಾಯಿಗಳನ್ನು ಮೂವರೂ ಅಂಗೈಯಲ್ಲಿ ತಿಕ್ಕಿ, ಮುಳ್ಳು ಚುಚ್ಚಿಸಿಕೊಳ್ಳುತ್ತ, ಕಂಟಿಯ ಸುತ್ತ ಬೀಜ ಚೆಲ್ಲಿದೆವು. ಗಸಗಸೆಗಿಂತ ತುಸು ದೊಡ್ಡವು, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿದ್ದವು.

ಆ ಎರಡು ಮೊಗ್ಗು ಅರಳುವತನಕ ಕಾಯಬೇಕಿತ್ತು. ಬುತ್ತಿ ಬಿಚ್ಚಿದೆವು. ಜೋಳದ ರೊಟ್ಟಿ, ಮಡಕಿಕಾಳಿನ ಪಲ್ಲೆ, ಶೇಂಗಾ ಚಟ್ನಿ. ಲಗಮವ್ವನ ಗಂಟಿನಲ್ಲಿ ರೊಟ್ಟಿಯ ಜೊತೆ ಝುಣಕ ಇತ್ತು. ಹಂಚಿಕೊಂಡು ತಿನ್ನುತ್ತಿದ್ದಾಗ ನನ್ನೊಳಗಿನ ಮೇಡಂ ಎಚ್ಚರವಾದಳು. ಈ ಗಿಡದ ಬಳಗ ಹೇಳತೊಡಗಿದೆ. ಮಡಕಿ ಇದರ ಬಳಗ, ಶೇಂಗಾ ಇದರ ಬಳಗ. ಝುಣಕದ ಕಡಲೆ, ಮನೆಯ ತೊಗರಿ, ಹೆಸರು, ಹುರಳಿ, ಅಲಸಂದಿ ಎಲ್ಲ ಅಣ್ಣತಮ್ಮಂದಿರು. ಸಾರಿನ ಹುಣಸೆ ದೂರದ ಚಿಕ್ಕಪ್ಪ. ನೆರಳು ಕೊಟ್ಟಿರುವ ಜಾಲಿ ಕೂಡ ಇದೇ ಮನೆಯದು. ದಸರೆಗೆ ಬಂಗಾರ ಎಂದು ಕೈಯಲ್ಲಿಟ್ಟು ಕಾಲು ಮುಟ್ಟಿ ನಮಸ್ಕರಿಸುವ ಬನ್ನಿಯೂ ಇದೇ ಮನೆಯದು. ಹೇಳುತ್ತ ಹೇಳುತ್ತ ನನಗೇ ಬೆರಗಾಯಿತು. ಕೈಯಲ್ಲಿರುವ ತುತ್ತಿನಿಂದ ಹಿಡಿದು ದೇವರ ಕಟ್ಟೆಯ ಮರದವರೆಗೆ ಈ ಒಂದೇ ಕುಟುಂಬ ನಮ್ಮನ್ನು ಸುತ್ತಿಕೊಂಡು ನಿಂತಿದೆ. ಅದರ ಒಬ್ಬಳು ಕಿರಿ ಮಗಳು ಮಾತ್ರ ಮುಳ್ಳಿನ ಕೆಳಗೆ, ಯಾರ ಲೆಕ್ಕಕ್ಕೂ ಸಿಗದೆ ಕೂತಿದ್ದಾಳೆ.

ಲಗಮವ್ವ ಎಲ್ಲ ಕೇಳಿ, ಬೆರಳು ನೆಕ್ಕಿ, "ಬಾಳ ದೊಡ್ಡ ಮನಿತಾನ ಬಿಡ್ರಿ. ಇಂಥಾ ಮನಿತಾನದ ಕೂಸಿಗಿ ಹೆಸರಿಲ್ಲ ಅಂದ್ರ ಹೆಂಗ? ಇಡ್ರಿ ಇಡ್ರಿ" ಎಂದಳು. ಅದು ಅಪ್ಪಣೆಯಂತೆಯೇ ಇತ್ತು.

ಹೊತ್ತು ವಾಲಿದ ಮೇಲೆ ಮೊಗ್ಗು ಅಲುಗಿತು. ಮೂವರೂ ನೆಲಕ್ಕೆ ಬಗ್ಗಿ ನೋಡುತ್ತಿದ್ದೆವು. ದೂರದಿಂದ ಯಾರಾದರೂ ಕಂಡಿದ್ದರೆ ಯಾವುದೋ ಹೊಸ ದೇವರು ಎದ್ದಿದೆ ಎಂದು ತೆಂಗಿನಕಾಯಿ ತರುತ್ತಿದ್ದರು. ಮೊದಲು ಪತಾಕೆ ಎದ್ದಿತು, ಆಮೇಲೆ ರೆಕ್ಕೆ ಬಿಚ್ಚಿತು. ಎಲ್ಲಿಂದಲೋ ಸೊಳ್ಳೆಗಿಂತ ತುಸು ದೊಡ್ಡದಾದ ಒಂದು ಜೇನುಹುಳ ಬಂದು ಅದರ ಮೇಲೆ ಕೂತು, ಹೊಟ್ಟೆಗೆ ಹಳದಿ ಮೆತ್ತಿಕೊಂಡು ಹೋಯಿತು. ಈ ಹೂವು ತೆರೆಯುವ ಹೊತ್ತು ನಮ್ಮಂಥ ಪಂಡಿತರಿಗೆ ಗೊತ್ತಿರದಿದ್ದರೂ ಅದಕ್ಕೆ ಗೊತ್ತಿತ್ತು. ಲಗಮವ್ವ, "ಅಯ್ಯ ಶಿವನ, ದಿನಾ ಇದರ ಮ್ಯಾಲ ಅಡ್ಡಾಡತೇನಿ ನೋಡ್ರಿ" ಎಂದು ಮೆಲ್ಲಗೆ ಅಂದಳು.

ಆಮೇಲೆ ನಾನು ಮಣ್ಣು ಕೆದರಿ ಗಿಡವನ್ನು ಬೇರು ಸಮೇತ ಎತ್ತಿದೆ. ಬೇರಿನ ತುಂಬ ಸಣ್ಣ ಸಣ್ಣ ಗಂಟುಗಳು. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು, ನಮ್ಮ ನೆತ್ತರಿನ ಬಣ್ಣದ್ದೇ. ಅದು ಬರಿಯ ಹೋಲಿಕೆಯಲ್ಲ. ನಮ್ಮ ರಕ್ತದಲ್ಲಿ ಉಸಿರು ಹೊರುವ ಕೆಂಪು ಪದಾರ್ಥದ ಹತ್ತಿರದ ಬಂಧುವೊಂದು ಆ ಗಂಟಿನಲ್ಲಿದೆ. ಅದರ ಆಸರೆಯಲ್ಲಿ ಕಣ್ಣಿಗೆ ಕಾಣದ ಜೀವಿಗಳು ಕೂತು ಬರಿಯ ಗಾಳಿಯನ್ನು ಗಿಡಕ್ಕೆ ಊಟ ಮಾಡಿ ಕೊಡುತ್ತವೆ. ಇದನ್ನು ಹೇಳಿದಾಗ ಗೊಬ್ಬರದ ವ್ಯಾಪಾರಿ ಬಹಳ ಹೊತ್ತು ಆ ಬೇರನ್ನೇ ನೋಡಿ, "ಅಂದ್ರ ಇದು ನಮ್ಮ ಅಂಗಡಿಗೆ ಬರೂ ಗಿರಾಕಿನ ಅಲ್ಲ" ಎಂದರು. ಆ ದನಿಯಲ್ಲಿ ಮರ್ಯಾದೆ ಇತ್ತು.

ಕಾಗದದ ನಡುವೆ ಒತ್ತಿ ಒಣಗಿಸಿದ ಆ ಗಿಡ ಈಗ ಒಂದು ಸಸ್ಯಸಂಗ್ರಹಾಲಯದ ಕಪಾಟಿನಲ್ಲಿ ಮಲಗಿದೆ. ನಮ್ಮ ಶಾಸ್ತ್ರದ ನಿಯಮ ವಿಚಿತ್ರವಾದದ್ದು. ಒಂದು ಹೊಸ ಜಾತಿಗೆ ಹೆಸರಿಟ್ಟಾಗ, ಆ ಹೆಸರು ಗಂಟು ಬೀಳುವುದು ಆರಿಸಿದ ಒಂದೇ ಒಂದು ಗಿಡಕ್ಕೆ. ಮುಂದೆ ಯಾರಿಗೆ ಯಾವ ಕಾಲಕ್ಕೆ ಸಂಶಯ ಬಂದರೂ ಅವರು ಬಂದು ಅದನ್ನೇ ನೋಡಬೇಕು. ಮುಳ್ಳಿನ ಕೆಳಗೆ ಮೊಳೆತದ್ದರಿಂದ ಕುರಿಯ ಬಾಯಿಗೆ ತಪ್ಪಿದ ಒಂದು ಬಡ ಗಿಡ, ತನ್ನ ಇಡೀ ವಂಶದ ಪರವಾಗಿ ಸಾಕ್ಷಿ ನಿಂತಿದೆ. ಅದನ್ನು ಆರಿಸಿದ್ದು ನಾನೋ ಆ ಕಂಟಿಯೋ, ಹೇಳುವುದು ಕಷ್ಟ.

ಪುಣೆಯ ಹಿರಿಯರು ಕಾಯಿ ನೋಡಿ ಒಪ್ಪಿದರು. ಅವರ ಜೊತೆ ಕೂತು ವಿವರಣೆ ಬರೆಯಲು ಚಳಿಗಾಲವೆಲ್ಲ ಹಿಡಿಯಿತು. ಎಂದೂ ನೋಡದವನು ಓದಿದರೆ ಇದೇ ಎಂದು ಗುರುತು ಹಿಡಿಯಬೇಕು, ಬೇರೆಯದನ್ನು ಇದೇ ಎಂದು ತಪ್ಪು ತಿಳಿಯಬಾರದು, ಹಾಗೆ ಬರೆಯಬೇಕು. ಚೆಂದ, ಪುಟ್ಟ, ಮುದ್ದು ಎಂಬ ಮಾತಿಗೆ ಅಲ್ಲಿ ಎಡೆಯಿಲ್ಲ. ರೋಮ ಯಾವ ಕಡೆಗೆ ಬಾಗಿದೆ ಎಂದು ಹೇಳಬೇಕು. ಇಷ್ಟು ಲಕ್ಷ್ಯ ಕೊಟ್ಟು ನಾನು ಯಾವ ಮನುಷ್ಯರನ್ನೂ ನೋಡಿಲ್ಲವಲ್ಲ ಎನ್ನಿಸಿ ಒಂದು ದಿನ ಊಟಕ್ಕೆ ಕೂತ ಇವರ ಮೇಲೆ ಪ್ರಯೋಗ ಮಾಡಿದೆ: ಬಹುವಾರ್ಷಿಕ, ಕಾಂಡ ನಡುವೆ ಉಬ್ಬಿದ್ದು, ಮೇಲ್ತುದಿ ರೋಮರಹಿತ, ಕಿವಿಯ ಅಂಚು ವಿರಳ ರೋಮಯುಕ್ತ. "ಹೂ ಬಿಡೂದು ಯಾವಾಗ ಬರಿ" ಎಂದರು ಅವರು. ಅಂಗಡಿ ಬಾಗಿಲು ಹಾಕಿ ನನ್ನ ಹಿಂದೆ ಗುಡ್ಡ ಹತ್ತಿದ ದಿನ ಎಂದು ಬರೆಯಬಹುದಿತ್ತು. ಬರೆಯಲಿಲ್ಲ, ಇನ್ನೊಂದು ರೊಟ್ಟಿ ಹಾಕಿದೆ.

ಹೆಸರಿನ ಸುದ್ದಿ ಕಾಲೇಜಿನಲ್ಲಿ ಹಬ್ಬಿದ ಮೇಲೆ ಸಲಹೆಗಳಿಗೆ ಬರವಿರಲಿಲ್ಲ. ಹಿರಿಯ ಸಹೋದ್ಯೋಗಿಯೊಬ್ಬರು ಆಡಳಿತ ಮಂಡಳಿಯ ದೊಡ್ಡವರ ಹೆಸರನ್ನು ತೇಲಿಬಿಟ್ಟರು. ಮತ್ತೊಬ್ಬರು, "ಮುಧೋಳಕ್ಕ ನಾಯಿಂದ ಹೆಸರ ಬಂತು, ಗಿಡದಿಂದನೂ ಬರಲಿ" ಎಂದರು. "ನಿಂದಽ ಇಟ್ಟುಬಿಡು" ಎಂದದ್ದು ನಮ್ಮ ಮನೆಯವರು. ಸ್ವಂತ ಹೆಸರನ್ನು ತಾವೇ ಇಟ್ಟುಕೊಳ್ಳುವುದು ನಮ್ಮಲ್ಲಿ ಮರ್ಯಾದೆಯಲ್ಲ ಎಂದಾಗ ಅವರಿಗೆ ಈ ಶಾಸ್ತ್ರದ ಮೇಲೆ ಇದ್ದ ಗೌರವ ತುಸು ಇಳಿಯಿತು. ಲಗಮವ್ವನ ಹೆಸರಿನ ಆಸೆ ನನಗಿತ್ತು. ಆದರೆ ಗಿಡದ ಗುಣವೇ ಹೆಸರು ಹೇಳುತ್ತಿರುವಾಗ ಮನುಷ್ಯರ ಹೆಸರೇಕೆ ಎಂದರು ಪುಣೆಯವರು. ಅದೂ ಸರಿಯೇ. ಗಿಲಿಗಿಲಿ ಕುಲದ ಲ್ಯಾಟಿನ್ ಹೆಸರು ಕ್ರೊಟಲೇರಿಯಾ. ಅದರ ಮುಂದೆ ಪೊಮೆರಿಡಿಯಾನಾ ಎಂದು ಇಟ್ಟೆವು. ಮಧ್ಯಾಹ್ನದ ಮೇಲಿನವಳು ಎಂದು ಅರ್ಥ.

ಅಚ್ಚಾಗಿ ಬಂತು. ಪತ್ರಿಕೆಯೊಂದರ ಮೂಲೆಯಲ್ಲಿ 'ಹೊಸ ಕಾಳು ಪತ್ತೆ' ಎಂದು ಬಂದದ್ದರಿಂದ, ನಾಲ್ಕಾರು ರೈತರು ಚಿಮ್ಮಡ, ತೇರದಾಳದ ಕಡೆಯಿಂದ ಅಂಗಡಿಗೆ ಬಂದು, ಎಕರೆಗೆ ಎಷ್ಟು ಇಳುವರಿ, ಬೀಜ ಎಂದು ಬರುತ್ತದೆ ಎಂದು ವಿಚಾರಿಸಿದರು. ಇವರು ಪ್ರತಿಯೊಬ್ಬರನ್ನೂ ಕೂಡಿಸಿ, ಚಹ ತರಿಸಿ, ಬೇರಿನ ಗಂಟಿನ ಕತೆ ಹೇಳಿ ಕಳಿಸಿದರು.

ಆದರೆ ನನಗೆ ನಿದ್ದೆ ಕೆಡಿಸುತ್ತಿದ್ದುದು ಬೇರೆ. ಅದು ಒಂದೇ ವರ್ಷ ಬದುಕುವ ಗಿಡ. ನಾವು ಹೆಸರು ಅಚ್ಚು ಹಾಕಿಸುವಷ್ಟರಲ್ಲಿ ನಾವು ನೋಡಿದ್ದೆಲ್ಲ ಒಣಗಿ ಮಣ್ಣಾಗಿತ್ತು. ಹೆಸರು ಇದೆ, ಹೆಸರಿನವಳು ಇದ್ದಾಳೋ ಇಲ್ಲವೋ? ಮಳೆಗಾಲ ಕಳೆಯುವುದನ್ನೇ ಕಾಯ್ದು, ಮರುವರ್ಷದ ಗಣಪತಿ ಹಬ್ಬದ ಮೇಲೆ ಇಬ್ಬರೂ ಮತ್ತೆ ಹೋದೆವು. ಗುಡ್ಡದ ಬುಡದಲ್ಲೇ ಲಗಮವ್ವ ಸಿಕ್ಕಳು. ಹೆಸರು ಹೇಳಿದೆ. ಆಕೆ ಎರಡು ಸಲ ನಾಲಿಗೆ ಹೊರಳಿಸಿ ನೋಡಿ ಬಿಟ್ಟುಬಿಟ್ಟಳು. "ನಾ ಗಿಲಿಗಿಲಿ ಅಂತೇನ್ರಿ. ಅದು ಗಿಲಿಗಿಲಿ ಅನ್ನೂತನಾ ಈ ಮಗ್ಗಲಿಗಿ ಕುರಿ ಹಾಯಿಸೂದಿಲ್ಲ ಅಂತ ನಮ್ಮ ಮಂದಿಗೆ ಹೇಳೇನಿ. ಹೋಗ್ರಿ, ನೋಡ್ರಿ."

ನಾನು ಮುಳ್ಳುಕಂಟಿಯ ಬುಡವನ್ನಷ್ಟೇ ನೆನೆಯುತ್ತ ಹತ್ತಿದ್ದೆ. ಕಂಟಿ ಮುಟ್ಟುವ ಮೊದಲೇ ಕಾಲು ಇಡಲು ಜಾಗ ಹುಡುಕಬೇಕಾಯಿತು. ಹಾಸುಗಲ್ಲಿನ ಸುತ್ತ, ಬಂಡೆಯ ಸಂದಿಯಲ್ಲಿ, ನಾವು ಎಂದೂ ಬೀಜ ಚೆಲ್ಲದ ಮೇಲಿನ ಇಳಿಜಾರಿನಲ್ಲಿ, ಎಲ್ಲೆಲ್ಲೂ ಆ ಬೆಳ್ಳಿ ರೋಮದ ಎಲೆಗಳು. ಈ ಕುಟುಂಬದ ಎಷ್ಟೋ ಬೀಜಗಳ ಸಿಪ್ಪೆ ಕಲ್ಲಿನಂಥದು. ಬಿದ್ದ ವರ್ಷವೇ ಎಲ್ಲವೂ ಮೊಳೆಯುವುದಿಲ್ಲ. ಕೆಲವು ಏಳುತ್ತವೆ, ಕೆಲವು ಮಣ್ಣಿನಲ್ಲಿ ವರ್ಷಗಟ್ಟಲೆ ತಮ್ಮ ಸರದಿ ಕಾಯುತ್ತವೆ. ಇದನ್ನೂ ನಾನೇ ಪಾಠ ಮಾಡಿದ್ದೆ. ಒಂದು ಗಿಡವನ್ನು ಕೀಳಲೋ ಬೇಡವೋ ಎಂದು ನಾನು ಎದೆ ಹಿಂಡಿಕೊಂಡು ಕೂತಿದ್ದಾಗ, ನನ್ನ ಮೊಣಕಾಲಿನ ಕೆಳಗಿನ ಮಣ್ಣಿನಲ್ಲಿ ಇಷ್ಟೆಲ್ಲ ಬೀಜ ಮಲಗಿಕೊಂಡು ನನ್ನ ಅಳು ಕೇಳಿಸಿಕೊಂಡಿರಬೇಕು.

ಹೊತ್ತು ವಾಲಿತು. ಒಂದು ಹಳದಿ ಚುಕ್ಕಿ ಎದ್ದಿತು, ಹತ್ತಾಯಿತು, ಎಣಿಕೆ ತಪ್ಪಿತು. ಹುಳಗಳು ಬಂದವು. ಇಡೀ ಇಳಿಜಾರು ಸದ್ದಿಲ್ಲದೆ ಕಣ್ಣು ಬಿಟ್ಟ ಹಾಗಿತ್ತು.

ಇವರು ಚಪ್ಪಲಿ ಬಿಟ್ಟು, ಗಿಡಗಳ ನಡುವೆ ಖಾಲಿ ಜಾಗ ನೋಡಿ ನೋಡಿ ಹೆಜ್ಜೆ ಇಟ್ಟು, ಒಂದು ಕಡೆ ಕೂತರು. ಬಹಳ ಹೊತ್ತು ನೋಡಿದ ಮೇಲೆ ಬೆರಳು ಮಾಡಿ, "ಇದು ಆತು. ಇದರ ಬಾಜೂಕ ಐತಲ್ಲ, ಬಿಳೇ ಹೂವಿಂದು, ನೂಲಿನಂಥಾ ಟೊಂಗಿಂದು, ಇದೇನು?" ಎಂದು ಕೇಳಿದರು.

ನಾನು ಬಗ್ಗಿ ನೋಡಿದೆ. ಎಲೆ ತಿರುವಿ ನೋಡಿದೆ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದೆ.

"ಗೊತ್ತಿಲ್ರಿ" ಎಂದೆ.

"ಜರಾ ಆಚೆ ಸರಿ ಹಂಗಾರ" ಎಂದು ಅವರು ನನ್ನ ಪಕ್ಕಕ್ಕೆ ಜರುಗಿ ಕೂತರು.